ಮೊಗ್ಗಿನ ಜಡೆಗೆ ಬಂದ ಸ್ಕ್ರ್ಯಾಪು

ಹೊಸೂರು
12 ಆಗಸ್ಟ್ 2007

ಅಣ್ಣಾ,

ಯೋಗಕ್ಷೇಮ ಕೊನೆಯಲ್ಲಿ ಬರೆಯುತ್ತೇನೆ, ಮೊದಲು ಜಗಳ ಮುಗಿಸಿಕೊಳ್ಳೋಣ. ಯುಗಾದಿ ಆದಮೇಲೆ ನಿನ್ನ ಶೆಡ್ಡನ್ನು ಚಿನ್ನಸ್ವಾಮಿಗೆ ಲೇತ್ ಮಷೀನು ಹಾಕಲು ಕೊಡುವ ಯೋಚನೆ ಇದೆ ಎಂದು ಬರೆದಿದ್ದೀಯ. ಅವರು ಆಗಲೇ ಬಂದು ನೋಡಿಕೊಂಡು ಹೋದರು. ಗೋಡೆ ತಟ್ಟಿ ನೋಡಿ, "ಇಂಗ ಮೋಟಾರು, ಅಂಗ ಬೆಂಚು" ಎಂದು ತಮಿಳಿನಲ್ಲಿ ತಮಗೆ ತಾವೇ ಹೇಳಿಕೊಂಡರು. ಅಲ್ಲೇ ಚಾಪೆಯ ಮೇಲೆ ಕೂತು ಮೊಗ್ಗು ಆರಿಸುತ್ತಿದ್ದ ನಾವು ಮೂವರು ಹೆಂಗಸರು ಅವರ ಕಣ್ಣಿಗೆ ಬೀಳಲೇ ಇಲ್ಲ.

ನೀನು ಪುಣೆ ಕಡೆಯ ಕಂಪನಿಗೆ ಹೋಗುವಾಗ ಬೀಗದ ಕೈ ನನಗೆ ಕೊಟ್ಟು, "ಸುಮ್ನೆ ಖಾಲಿ ಬಿದ್ದಿರ್ತದೆ, ನೀನೇ ಏನಾದ್ರೂ ಮಾಡ್ಕೊ" ಎಂದಿದ್ದೆ. ಅಮ್ಮ ನನಗೆ ಕಲಿಸಿ ಹೋದದ್ದು ಮೊಗ್ಗಿನ ಜಡೆ ಕಟ್ಟುವುದು ಒಂದೇ. ಅದನ್ನೇ ಮಾಡಿಕೊಂಡೆ. ರಾಯಕೋಟೆ ಕಡೆಯಿಂದ ಬೆಳಗ್ಗೆ ಬರುವ ಮೊಗ್ಗು ತಂದು, ಮಧ್ಯಾಹ್ನದೊಳಗೆ ಜಡೆ ಹೊಲಿದು, ಹೂವಿನ ಮಾರ್ಕೆಟ್ಟಿನ ಅಂಗಡಿಗಳಿಗೆ ಕೊಡುತ್ತೇವೆ. ಅಂಗಡಿಯವರು ತಮ್ಮ ಹೆಸರಿನ ಚೀಟಿ ಅಂಟಿಸಿ ಮದುವೆ ಮನೆಗೆ ಕಳಿಸುತ್ತಾರೆ. ಜಡೆ ಯಾರು ಕಟ್ಟಿದ್ದೆಂದು ಯಾರಿಗೂ ಗೊತ್ತಿಲ್ಲ, ಅದಕ್ಕೇ ವ್ಯಾಪಾರ ಇದ್ದಲ್ಲೇ ಇದೆ. ಇದನ್ನು ನಿನ್ನಿಂದ ಮುಚ್ಚಿಡುವುದಿಲ್ಲ.

ಲೇತ್ ಬಂದರೆ ನಾವು ಒಂದು ಮೂಲೆಯಲ್ಲಿ ಇದ್ದುಕೊಳ್ಳುತ್ತೇವೆ ಎನ್ನಲೂ ಆಗುವುದಿಲ್ಲ. ಮೊಗ್ಗು ಪಕ್ಕದಲ್ಲಿ ಏನಿದ್ದರೆ ಅದರ ವಾಸನೆ ಹಿಡಿಯುತ್ತದೆ. ಮಷೀನ್ ಎಣ್ಣೆ ನಾರುವ ಜಡೆಯನ್ನು ಯಾವ ಮದುಮಗಳು ಹಾಕಿಕೊಳ್ಳುತ್ತಾಳೆ?

ಹೊಸದೊಂದು ದಾರಿ ಹುಡುಕಿದ್ದೇನೆ. ಬಸ್‌ಸ್ಟ್ಯಾಂಡ್ ಹಿಂದೆ ಆದಿಲಕ್ಷ್ಮಿ ಎಂಬಾಕೆ ಬ್ರೌಸಿಂಗ್ ಸೆಂಟರ್ ಇಟ್ಟಿದ್ದಾಳೆ. ಅಲ್ಲಿ ಕಂಪ್ಯೂಟರಿನಲ್ಲಿ ಆರ್ಕುಟ್ ಎಂಬುದೊಂದಿದೆ. ಊರೂರಿನ ಜನ ಹೆಸರು, ಫೋಟೋ ಹಾಕಿಕೊಂಡು ಒಬ್ಬರನ್ನೊಬ್ಬರು ಮಾತಾಡಿಸುವ ಜಾಗ. ನಾನೂ ಸೇರಿಕೊಂಡಿದ್ದೇನೆ. ಯುಗಾದಿವರೆಗೆ ಸಮಯ ಕೊಡು, ಆಮೇಲೆ ತೀರ್ಮಾನ ಮಾಡು.

ಫೋನಿನಲ್ಲೇ ಹೇಳೋಣವೆಂದರೆ ನೀನು ಎರಡು ಸಲ "ಆಂ? ಆಂ?" ಎಂದು, ಸಿಗ್ನಲ್ ಇಲ್ಲವೆಂದು ಇಟ್ಟುಬಿಡುತ್ತೀಯ. ಆ ಊರಿನಲ್ಲಿ ಒಂದು ಟವರ್ ಕೂಡ ಇಲ್ಲವೇ? ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ.

ನಿನ್ನ
ಚಂದ್ರಲೇಖಾ


ಚಾಕಣ
27 ಆಗಸ್ಟ್ 2007

ಚಂದ್ರೀ,

ಕಾಗದ ಸಿಕ್ಕಿತು. ಎರಡು ಸಲ ಓದಿದೆ. ಫೋನಿಗಿಂತ ಕಾಗದವೇ ವಾಸಿ, ಕಾಗದವನ್ನು ಎರಡು ಸಲ ಓದಬಹುದು. ಇನ್ನು ಮೇಲೆ ಫೋನ್ ಮಾಡಬೇಡ, ಬರಿ. ಇಲ್ಲಿ ಸಿಗ್ನಲ್ ಸರಿಯಿಲ್ಲ.

ಕಂಪ್ಯೂಟರಿನಲ್ಲಿ ಹೂವು ಮಾರುತ್ತೇನೆ ಅನ್ನುತ್ತೀಯಲ್ಲ, ಮೂಸಿ ನೋಡದೆ ಹೂವು ಯಾರು ತಗೊಳ್ಳುತ್ತಾರೆ ತಾಯಿ? ನಮ್ಮ ರೂಮಿನಲ್ಲಿ ಇಬ್ಬರು ಹುಡುಗರು ಆ ಆರ್ಕುಟ್ಟಿಗೆ ಹೋಗುತ್ತಾರೆ. ಹುಡುಗಿಯರ ಫೋಟೋ ನೋಡಿ ಬರುತ್ತಾರೆ, ವ್ಯಾಪಾರ ಮಾಡಿ ಬಂದದ್ದು ನಾನಂತೂ ಕಾಣೆ. ಆದರೂ ನಿನ್ನ ತಲೆ ನನಗೆ ಗೊತ್ತು. ಚಿಕ್ಕವಳಿದ್ದಾಗ ಗುಮ್ಮಳಾಪುರದಲ್ಲಿ ಬಸ್ ಡ್ರೈವರಿಗೇ ಹೂವು ಮಾರಿ, ಬಸ್ಸಿನ ಕನ್ನಡಿಗೆ ಹಾರ ಹಾಕಿಸಿದವಳು ನೀನು.

ಯುಗಾದಿವರೆಗೆ ಶೆಡ್ಡು ನಿನ್ನದು. ಅಷ್ಟರಲ್ಲಿ ಅದು ತನ್ನ ಕಾಲಮೇಲೆ ತಾನು ನಿಂತರೆ ಸರಿ, ಇಲ್ಲದಿದ್ದರೆ ಚಿನ್ನಸ್ವಾಮಿ. ಅವನಿಗೆ ನಾನು ಮಾತು ಕೊಟ್ಟಿದ್ದೇನೆ, ಯಾಕೆ ಏನು ಎಂದು ಈಗ ಕೇಳಬೇಡ.

ನಾನು ಚೆನ್ನಾಗಿದ್ದೇನೆ. ಪ್ರೆಸ್ ಶಾಪಿನಲ್ಲಿ ತಗಡು ಒತ್ತುವ ಕೆಲಸ ಜೋರು.

ಉಮಾಶಂಕರ್


ಹೊಸೂರು
7 ಅಕ್ಟೋಬರ್ 2007

ಅಣ್ಣಾ,

ಮೊದಲು ಮುಖಕ್ಕೆ ಮಂಗಳಾರತಿ ಆಯಿತು. ನಾನು ಮಾಡಿದ್ದೇನು ಗೊತ್ತಾ? "ಮೊಗ್ಗಿನ ಜಡೆ ಬೇಕಾದರೆ ಸಂಪರ್ಕಿಸಿ" ಎಂದು ಒಂದೇ ಸಾಲು ಬರೆದು, ಸಿಕ್ಕ ಸಿಕ್ಕವರ ಪುಟದಲ್ಲೆಲ್ಲ ಅಂಟಿಸಿಬಿಟ್ಟೆ. ಮನೆ ಗೋಡೆಗೆ ಪೋಸ್ಟರ್ ಅಂಟಿಸಿದರೆ ಬೈಯುತ್ತಾರಲ್ಲ, ಹಾಗೇ ಬೈದರು. ಒಬ್ಬಾಕೆ, "ಯಾರು ನೀವು, ನನ್ನ ಮದುವೆ ಆಗಿ ಹತ್ತು ವರ್ಷ ಆಯ್ತು" ಎಂದು ಬರೆದಳು. ಆದಿಲಕ್ಷ್ಮಿ ನಕ್ಕು ನಕ್ಕು, "ಅಕ್ಕಾ, ನೆಂಟ್ರು ಮನೆಗೆ ಹೋದ ತಕ್ಷಣ ವ್ಯಾಪಾರ ಮಾತಾಡ್ತೀರಾ? ಮೊದ್ಲು ನೀರು ಕುಡುದು, ಚೆನ್ನಾಗಿದ್ದೀರಾ ಅಂತ ಕೇಳಿ" ಎಂದಳು. ನಾಚಿಕೆಯಾಯಿತು. ಅವಳು ಹೇಳಿದ್ದು ಸರಿ.

ಆಮೇಲೆ ವರಸೆ ಬದಲಾಯಿಸಿದೆ. ಆರ್ಕುಟ್ಟಿನಲ್ಲಿ ಒಂದೊಂದು ವಿಷಯಕ್ಕೆ ಒಂದೊಂದು ಗುಂಪಿರುತ್ತದೆ. ಬೆಂಗಳೂರಿನ ತಾಯಂದಿರ ಗುಂಪೊಂದಕ್ಕೆ ಸೇರಿ, ಬಾಯಿ ಮುಚ್ಚಿಕೊಂಡು ಓದುತ್ತಾ ಕೂತೆ. ಒಂದು ದಿನ ಯಾರೋ, ಮಲ್ಲಿಗೆ ಮೊಗ್ಗು ಸಂಜೆವರೆಗೆ ಅರಳದಂತೆ ಹೇಗೆ ಇಡುವುದು ಎಂದು ಕೇಳಿದರು. ಒದ್ದೆ ಪಂಚೆ ಚೆನ್ನಾಗಿ ಹಿಂಡಿ, ಅದರಲ್ಲಿ ಸುತ್ತಿ, ಬಾಳೆಎಲೆಯೊಳಗಿಟ್ಟು ತಣ್ಣಗಿರುವ ಮೂಲೆಯಲ್ಲಿಡಿ ಎಂದು ಬರೆದೆ. ಅಷ್ಟೇ, ಜಡೆ ಮಾರುತ್ತೇನೆ ಎಂದು ಬರೆಯಲಿಲ್ಲ. ಅದು ಕೆಲಸ ಮಾಡಿತೆಂದು ಮರುದಿನ ಅವರೇ ಬರೆದರು. ನೀವು ಯಾರು, ಏನು ಮಾಡುತ್ತೀರಿ ಎಂದು ಹತ್ತು ಜನ ಕೇಳಿದರು. ಕೇಳಿದ ಮೇಲೆ ಹೇಳಿದೆ.

ನಾವು ಕಟ್ಟಿದ ಜಡೆಗಳ ಫೋಟೋಗಳನ್ನೂ ಹಾಕಿದ್ದೇನೆ. ಜಡೆ ಹಾಕಿಸಿಕೊಂಡವರ ಮನೆಯವರು ತಮ್ಮ ಹೆಣ್ಣುಮಕ್ಕಳ ಮುಖ ಕಂಪ್ಯೂಟರಿನಲ್ಲಿ ಬೇಡ ಅಂದರು, ಅದೂ ನ್ಯಾಯವೇ. ಜಡೆ ಕಾಣುವುದು ಬೆನ್ನ ಮೇಲೆ ತಾನೇ, ಅದಕ್ಕೆ ಬೆನ್ನು ಮಾತ್ರ ತೆಗೆಯುತ್ತೇನೆ. ಆಲ್ಬಮ್ ತೆರೆದರೆ ಎಲ್ಲರೂ ನಿನಗೆ ಬೆನ್ನು ಹಾಕಿ ನಿಂತಿರುತ್ತಾರೆ. ಕೆಳಗೆ ಕನ್ನಡದಲ್ಲಿ ಮೊಗ್ಗಿನ ಜಡೆ, ತಮಿಳಿನಲ್ಲಿ ಪೂ ಜಡೈ, ತೆಲುಗಿನಲ್ಲಿ ಪೂಲ ಜಡ ಎಂದು ಮೂರೂ ಬರೆಯುತ್ತೇನೆ. ಗಡಿಯ ಹೊಸೂರು ಕಡೆ ಹುಟ್ಟಿ ಬೆಳೆದದ್ದು ಈಗ ಉಪಯೋಗಕ್ಕೆ ಬಂತು, ಮೂರು ಕಡೆಯ ಜನವೂ ಬರುತ್ತಿದ್ದಾರೆ.

ಈಗ ಕೇಳು ಒಳ್ಳೇ ಸುದ್ದಿ. ದಿನಾ ಸ್ಕ್ರ್ಯಾಪ್ ಬರುತ್ತಿದೆ. ಬೆಂಗಳೂರಿಂದ ಬರುತ್ತದೆ, ಸೇಲಂನಿಂದ ಬರುತ್ತದೆ, ಮೊನ್ನೆ ದುಬೈಯಿಂದಲೂ ಒಂದು ಬಂತು. ಸ್ಕ್ರ್ಯಾಪ್ ಜಾಸ್ತಿ ಬಂದಷ್ಟೂ ಜಡೆಗೆ ಗಿರಾಕಿ ಜಾಸ್ತಿ. ಬೆಳಗ್ಗೆ ಎದ್ದ ಕೂಡಲೇ ಇವತ್ತು ಎಷ್ಟು ಸ್ಕ್ರ್ಯಾಪ್ ಬಂದಿರಬಹುದು ಅಂತಲೇ ನನ್ನ ಯೋಚನೆ. ಎಲ್ಲವನ್ನೂ ಆವತ್ತಿಂದಾವತ್ತೇ ವಿಲೇವಾರಿ ಮಾಡುತ್ತೇನೆ, ಒಂದನ್ನೂ ಉಳಿಸಿಕೊಳ್ಳುವುದಿಲ್ಲ. ನಿನ್ನ ಶೆಡ್ಡು ತನ್ನ ಕಾಲಮೇಲೆ ನಿಲ್ಲುತ್ತದೆ ನೋಡುತ್ತಿರು.

ಚಂದ್ರಲೇಖಾ


ಚಾಕಣ
16 ಅಕ್ಟೋಬರ್ 2007

ಚಂದ್ರಲೇಖಾ,

ನಿನಗೆ ಬುದ್ಧಿ ಇದೆಯೋ ಇಲ್ಲವೋ? ನನ್ನ ಶೆಡ್ಡಿನಲ್ಲಿ ಸ್ಕ್ರ್ಯಾಪು ಇಳಿಸಿಕೊಳ್ಳುತ್ತಿದ್ದೀಯಾ? ಅದೂ ಸೇಲಂನಿಂದ, ದುಬೈಯಿಂದ?

ಹೊಸೂರಿನಲ್ಲಿ ಹದಿನೈದು ವರ್ಷ ಪ್ರೆಸ್ ಶಾಪಿನಲ್ಲಿದ್ದವನು ನಾನು. ಗುಜರಿ ಕಬ್ಬಿಣದ ಸ್ಕ್ರ್ಯಾಪ್ ಕಾಂಟ್ರಾಕ್ಟು ಅಂದರೆ ಏನು ಎಂದು ನನಗೆ ಹೇಳಿಕೊಡಬೇಡ. ಗೇಟಿನ ಮುಂದೆ ಲಾರಿ ಅಡ್ಡ ಹಾಕಿ ಒಬ್ಬರಿಗೊಬ್ಬರು ರಾಡ್ ಎತ್ತಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಆ ಜನ ಹೂ ಕಟ್ಟುವ ಹೆಂಗಸರ ಹತ್ತಿರ ಮಾಲು ಇಳಿಸಿ ಹೋಗುತ್ತಾರೆ ಅಂದರೆ ಅದು ಕಳ್ಳಮಾಲೇ ಇರಬೇಕು. ಆವತ್ತಿಂದಾವತ್ತೇ ವಿಲೇವಾರಿ ಬೇರೆ. ಯಾರು ಹೇಳಿಕೊಟ್ಟರು ನಿನಗೆ? ಆ ಆದಿಲಕ್ಷ್ಮಿಯೇ?

ಬೋರಯ್ಯನಿಗೆ ಬರೆದಿದ್ದೇನೆ. ನನ್ನ ಜೊತೆ ಕೆಲಸಕ್ಕಿದ್ದವನು, ನಿನಗೂ ಗೊತ್ತು. ಭಾನುವಾರ ಬಂದು ನೋಡುತ್ತಾನೆ. ಅವನು ಬರುವುದರೊಳಗೆ ಶೆಡ್ಡಿನಲ್ಲಿ ಒಂದು ತುಂಡು ಕಬ್ಬಿಣವೂ ಇರಕೂಡದು. ಇದ್ದರೆ ಯುಗಾದಿವರೆಗೆ ಕಾಯುವುದಿಲ್ಲ.

ಉಮಾಶಂಕರ್


ಹೊಸೂರು
28 ಅಕ್ಟೋಬರ್ 2007

ಅಣ್ಣಾ,

ನಕ್ಕು ಹೊಟ್ಟೆ ನೋಯುತ್ತಿದೆ, ಕೋಪವೂ ಬಂದಿದೆ. ಯಾವುದನ್ನು ಮೊದಲು ಬರೆಯಲಿ?

ನಿನ್ನ ಕಾಗದ ಕೈಸೇರುವ ಮೊದಲೇ ಬೋರಯ್ಯಣ್ಣ ಬಂದರು. ಬಾಗಿಲಲ್ಲೇ ನಿಂತು, "ಎಲ್ಲಮ್ಮಾ ಮಾಲು?" ಎಂದರು.

"ಯಾವ ಮಾಲಣ್ಣಾ?"

"ದಿನಾ ಬತ್ತದಂತಲ್ಲಾ."

ಮೊಗ್ಗು ಬಂದಿರುವುದನ್ನು ಕೇಳುತ್ತಿದ್ದಾರೆ ಎಂದುಕೊಂಡು ಮಂಕರಿ ತೋರಿಸಿದೆ. ಅವರು ನೇರವಾಗಿ ಮಂಕರಿಗೆ ಕೈ ಹಾಕಿ ತಳದವರೆಗೆ ಕೆದಕತೊಡಗಿದರು. ನಮ್ಮ ಮುನಿವೆಂಕಟಮ್ಮ ನಿನಗೆ ಗೊತ್ತಿಲ್ಲ. ಅರವತ್ತು ದಾಟಿದೆ, ಜವಳಗಿರಿ ಕಾಡಿನ ಕಡೆಯವಳು, ಆನೆಯನ್ನೂ ಬೈದು ಓಡಿಸಿದ್ದೇನೆ ಅನ್ನುತ್ತಾಳೆ. ಸೂಜಿ ಹಿಡಿದುಕೊಂಡೇ ಎದ್ದಳು.

"ಏನಯ್ಯಾ, ಮೊಗ್ಗಿನೊಳ್ಗೆ ಏನ್ ಕೆದಕ್ತೀಯ? ಕೈ ತೊಳ್ಕಂಡ್ ಬಂದಿದ್ದೀಯಾ?"

"ಉಮಾಶಂಕ್ರ ಹೇಳವ್ನೆ. ಸ್ಕ್ರ್ಯಾಪ್ ಮಡಗವ್ರಂತೆ, ನೋಡ್ಕಂಡ್ ಬಾ ಅಂತ."

"ಸ್ಕ್ರ್ಯಾಪೂ ಇಲ್ಲ, ಗೀಪೂ ಇಲ್ಲ. ಆಚಿಕ್ ಹೋಗು."

ಆಗ ನನಗೆ ಹೊಳೆಯಿತು. ಅಣ್ಣಾ, ಆರ್ಕುಟ್ಟಿನಲ್ಲಿ ಒಬ್ಬರಿಗೊಬ್ಬರು ಬರೆಯುವ ನಾಲ್ಕು ಸಾಲಿನ ಚೀಟಿಗೆ ಸ್ಕ್ರ್ಯಾಪ್ ಅನ್ನುತ್ತಾರೆ. ಜಡೆ ಬೇಕು, ಎಷ್ಟು ಉದ್ದ, ಯಾವತ್ತಿಗೆ ಎಂದು ಜನ ಬರೆಯುವುದು ಅದರಲ್ಲೇ. ವಿಲೇವಾರಿ ಅಂದರೆ ಉತ್ತರ ಬರೆಯುವುದು. ಯಾರು ಆ ಹೆಸರಿಟ್ಟರೋ, ಹೊಸೂರಿನವರಂತೂ ಇಟ್ಟಿರಲಾರರು.

ಬೋರಯ್ಯಣ್ಣನನ್ನು ಆದಿಲಕ್ಷ್ಮಿಯ ಸೆಂಟರಿಗೇ ಕರೆದುಕೊಂಡು ಹೋಗಿ ತೋರಿಸಿದೆ. ಕನ್ನಡಕ ಏರಿಸಿ ನೋಡಿದರು. "ತೂಕ ಹಾಕಕ್ಕೂ ಆಗಕ್ಕಿಲ್ಲ, ಮಾರಕ್ಕೂ ಆಗಕ್ಕಿಲ್ಲ, ಇದ್ಯಾವ ಸ್ಕ್ರ್ಯಾಪಮ್ಮಾ" ಎಂದು ಬೇಸರಪಟ್ಟರು. ಹೋಗುವಾಗ ಮಾತ್ರ ಮೊಮ್ಮಗಳಿಗೆ ಒಂದು ಜಡೆ ಹೇಳಿ ಹೋದರು. ಅದೂ ಕೈ ತೊಳೆದುಕೊಂಡು ಬಂದು ಹೇಳಬೇಕಾಯಿತು.

ನಾನೂ ಇಂಥದ್ದೇ ಎಡವಟ್ಟು ಮಾಡಿಕೊಂಡಿದ್ದೇನೆ ಬಿಡು. ಇಂಗ್ಲಿಷ್ ಅಕ್ಷರದಲ್ಲಿ ಜಡೆ ಎಂದು ಬರೆದಿದ್ದೆ. ಸಿಂಗಪುರದ ಒಬ್ಬರು ಅದನ್ನು ಜೇಡ್ ಎಂದು ಓದಿ, ಹಸಿರು ಕಲ್ಲಿನ ಬಳೆ ಇದೆಯಾ ಎಂದು ಕೇಳಿದರು. ಕಲ್ಲಿಲ್ಲ, ಹೂವಿದೆ ಎಂದು ಫೋಟೋ ಕಳಿಸಿದೆ. ಈಗ ಆಕೆ ನಮ್ಮ ಖಾಯಂ ಓದುಗಾರ್ತಿ. ನಗುವಂಥ ತಪ್ಪಾದರೆ ಮುಚ್ಚಿಡಬಾರದು, ಜನ ಹತ್ತಿರ ಬರುತ್ತಾರೆ.

ಇನ್ನು ಕೋಪ. ನನ್ನನ್ನೇ ಒಂದು ಮಾತು ಫೋನ್ ಮಾಡಿ ಕೇಳಬಹುದಿತ್ತು. ಕಳ್ಳಮಾಲು ಇಳಿಸಿಕೊಳ್ಳುವವಳು ಎಂದು ಅಷ್ಟು ಸಲೀಸಾಗಿ ಹೇಗೆ ನಂಬಿದೆ?

ಚಂದ್ರಲೇಖಾ


ಹೊಸೂರು
21 ಡಿಸೆಂಬರ್ 2007

ಅಣ್ಣಾ,

ಎರಡು ತಿಂಗಳಾಗುತ್ತಾ ಬಂತು, ನಿನ್ನಿಂದ ಒಂದು ಸಾಲಿಲ್ಲ. ಫೋನ್ ರಿಂಗಾಗುತ್ತದೆ, ಎತ್ತುವುದಿಲ್ಲ. ಕೊನೆಯ ಕಾಗದದಲ್ಲಿ ನಾನು ಜಾಸ್ತಿ ಬರೆದುಬಿಟ್ಟೆನೇನೋ. ಇಲ್ಲವೇ ಶೆಡ್ಡನ್ನು ಆಗಲೇ ಮಾತಾಡಿ ಮುಗಿಸಿದ್ದೀಯ, ನನಗೆ ಹೇಳಲು ಮನಸ್ಸು ಬಾರದೆ ಸುಮ್ಮನಿದ್ದೀಯ. ಚಿನ್ನಸ್ವಾಮಿ ಹೋದ ವಾರ ಟೇಪು ತಂದು ನೆಲ ಅಳೆದುಕೊಂಡು ಹೋದರು.

ಆದರೂ ಬರೆಯುತ್ತೇನೆ. ಇಲ್ಲಿ ಎಲ್ಲಾ ಚೆನ್ನಾಗಿ ನಡೆಯುತ್ತಿದೆ. ಧನುರ್ಮಾಸ, ಮದುವೆಗಳಿಲ್ಲ. ಹೂವಿನವರಿಗೆಲ್ಲ ಕೈ ಖಾಲಿ. ಈ ಸಮಯದಲ್ಲಿ ಆರ್ಕುಟ್ಟಿನಲ್ಲೂ ಸುಮ್ಮನಾದರೆ ಜನ ಮರೆತುಬಿಡುತ್ತಾರೆ ಅನ್ನಿಸಿತು. ಅದಕ್ಕೆ ಏನು ಮಾಡಿದೆ ಎಂದರೆ, ಮೊಗ್ಗಿನ ಜಡೆಗೆಂದೇ ನಮ್ಮದೇ ಒಂದು ಗುಂಪು ಮಾಡಿದೆ. ನಿಮ್ಮ ತಾಯಿಯೋ ಅಜ್ಜಿಯೋ ಮೊಗ್ಗಿನ ಜಡೆ ಹಾಕಿಕೊಂಡು ತೆಗೆಸಿಕೊಂಡ ಫೋಟೋ ಇದ್ದರೆ ಹಾಕಿ ಎಂದು ಕೇಳಿದೆ. ಕೇಳಿದ್ದಷ್ಟೇ. ಪೆಟ್ಟಿಗೆ ತಳದಿಂದ ಎಂತೆಂಥ ಕಪ್ಪುಬಿಳುಪು ಫೋಟೋಗಳು ಬಂದವು. ಎಲ್ಲದರಲ್ಲೂ ಹುಡುಗಿ ನಮಗೆ ಬೆನ್ನು ಹಾಕಿ ಕನ್ನಡಿ ನೋಡುತ್ತಾ ನಿಂತಿದ್ದಾಳೆ, ಬೆನ್ನ ಮೇಲೆ ಜಡೆ, ಕನ್ನಡಿಯಲ್ಲಿ ಮುಖ. ಒಬ್ಬೊಬ್ಬರೂ ಒಂದೊಂದು ಕಥೆ ಬರೆದಿದ್ದಾರೆ. ಇದರಲ್ಲಿ ವ್ಯಾಪಾರದ ಮಾತೇ ಇಲ್ಲ, ಆದರೂ ಸಂಕ್ರಾಂತಿ ಆದಮೇಲಿನ ಮುಹೂರ್ತಗಳಿಗೆಲ್ಲ ಈಗಲೇ ಜಡೆ ಹೇಳಿಟ್ಟಿದ್ದಾರೆ.

ನನ್ನ ಮದುವೆಯ ಫೋಟೋವನ್ನೂ ಹಾಕಿದೆ. ನೆನಪಿದೆಯಾ, ಛತ್ರದಲ್ಲಿ ನಿಲ್ಲುವ ಕನ್ನಡಿ ಇರಲಿಲ್ಲ. ಗೋಡೆಯದನ್ನು ಬಿಚ್ಚಿ ನೀನೇ ಹಿಡಿದುಕೊಂಡು ನಿಂತಿದ್ದೆ. ಫೋಟೋದಲ್ಲಿ ನೀನಿಲ್ಲ. ಕನ್ನಡಿಯ ಅಂಚಿನಲ್ಲಿ ನಿನ್ನ ಬೆರಳುಗಳು ಮಾತ್ರ ಇವೆ.

ಒಂದು ಸಾಲಾದರೂ ಬರಿ. ಬೈದಾದರೂ ಬರಿ.

ಚಂದ್ರಲೇಖಾ


ಚಾಕಣ
16 ಜನವರಿ 2008

ಚಂದ್ರೀ,

ಬೈಯುವುದಕ್ಕೆ ಏನೂ ಇಲ್ಲ. ನಿಧಾನವಾಗಿ ಓದು.

ನನಗೆ ಕಿವಿ ಕೇಳುವುದಿಲ್ಲ. ಎಡಗಡೆ ಮೂರು ವರ್ಷದಿಂದ ಮಂದ, ಈಗ ಎರಡೂ ಹೋಗಿದೆ. ಇಷ್ಟು ವರ್ಷ ಪ್ರೆಸ್ ಪಕ್ಕದಲ್ಲಿ ನಿಂತದ್ದಕ್ಕೆ ಆದದ್ದು ಎಂದು ಡಾಕ್ಟರು ಹೇಳಿದರು, ಹೇಳಲಿಲ್ಲ, ಬರೆದು ತೋರಿಸಿದರು. ಇಲ್ಲಿ ಸಿಗ್ನಲ್ ಚೆನ್ನಾಗಿಯೇ ಇದೆ. ಟವರು ನಮ್ಮ ರೂಮಿನ ಹಿಂದೆಯೇ ಇದೆ.

ಅಕ್ಟೋಬರಿನಲ್ಲಿ ಕಂಪನಿಯವರು ಪರೀಕ್ಷೆ ಮಾಡಿಸಿ, ಪ್ರೆಸ್ ಪಕ್ಕದಲ್ಲಿ ಕೂಗಿದರೆ ಕೇಳದವನು ಇರಬಾರದು ಎಂದು ಲೈನಿನಿಂದ ತೆಗೆದರು. ಅವರದ್ದೂ ತಪ್ಪಲ್ಲ. ಹಾಕಿದ್ದೆಲ್ಲಿಗೆ ಗೊತ್ತಾ, ಸ್ಕ್ರ್ಯಾಪ್ ಯಾರ್ಡಿಗೆ. ಕೆಟ್ಟುಹೋದ ಪೀಸುಗಳನ್ನು ಲಾರಿಗೆ ತುಂಬಿಸುವ ಕೆಲಸ. ಮೊದಲ ದಿನ ಅಲ್ಲಿ ನಿಂತು ರೂಮಿಗೆ ಬಂದರೆ ನಿನ್ನ ಕಾಗದ ಬಂದಿತ್ತು, ದಿನಾ ಸ್ಕ್ರ್ಯಾಪ್ ಬರುತ್ತಿದೆ, ಖುಷಿಯಾಗಿದ್ದೇನೆ ಎಂದು. ನನಗೆ ಎಷ್ಟು ಉರಿಯಿತು ಎಂದು ಈಗ ನಿನಗೆ ಅರ್ಥವಾಗಬಹುದು.

ಚಿನ್ನಸ್ವಾಮಿಯ ವಿಷಯವೂ ಹೇಳಿಬಿಡುತ್ತೇನೆ. ಲೇತ್ ಅವನೊಬ್ಬನದಲ್ಲ, ನಾನೂ ಪಾಲು. ಇಲ್ಲಿ ಮಾರ್ಚಿಗೆ ನನ್ನ ಲೆಕ್ಕ ಮುಗಿಸುತ್ತಾರೆ. ಲೇತಿಗೆ ಕಣ್ಣು, ಕೈ ಸಾಕು, ಮೂಲೆಯಲ್ಲಿ ನಿಂತು ಯಾರ ಜೊತೆಯೂ ಮಾತಾಡದೆ ಇದ್ದುಬಿಡಬಹುದು ಎಂದುಕೊಂಡಿದ್ದೆ. ಇಲ್ಲಿ ಯಾರಾದರೂ ಮಾತಾಡಿಸಿದರೆ ಮರಾಠಿ ಬರುವುದಿಲ್ಲ ಎಂದು ತಪ್ಪಿಸಿಕೊಳ್ಳುತ್ತೇನೆ. ಹೊಸೂರಿನಲ್ಲಿ ಏನು ಹೇಳಲಿ? ಅಲ್ಲಿ ಮೂರು ಭಾಷೆಯೂ ಬರುವವನು ನಾನು, ಒಂದು ನೆಪವೂ ಇಲ್ಲ.

ನಿನ್ನ ಡಿಸೆಂಬರಿನ ಕಾಗದ ಓದಿ ಇಲ್ಲಿನ ಬ್ರೌಸಿಂಗ್ ಸೆಂಟರಿಗೆ ಹೋದೆ. ನಿನ್ನ ಹೆಸರು ಬರೆದು ತೋರಿಸಿದೆ, ತೆರೆದುಕೊಟ್ಟರು. ಭಾನುವಾರ ಪೂರ್ತಿ ಅಲ್ಲೇ ಕೂತಿದ್ದೆ. ಜಡೆಗಳು ಚೆನ್ನಾಗಿವೆ, ಅದು ನನಗೆ ಗೊತ್ತಿದ್ದದ್ದೇ. ನಾನು ನೋಡಿದ್ದು ನಿನ್ನ ಉತ್ತರಗಳನ್ನು. ಜಡೆ ತಗೊಳ್ಳದೆ ಬರೀ ವಿಚಾರಿಸಿದವರಿಗೂ ಹೆಸರು ಹಿಡಿದು ಬರೆದಿದ್ದೀಯ. ಕೂದಲು ಗಿಡ್ಡ ಇದ್ದವಳಿಗೆ ಸಮಾಧಾನ ಹೇಳಿದ್ದೀಯ. ಮೊಗ್ಗು ಚೆನ್ನಾಗಿ ಬರದ ದಿನ, ಇವತ್ತಿನ ಮೊಗ್ಗು ನನಗೇ ಇಷ್ಟವಾಗಲಿಲ್ಲ, ಕಟ್ಟುವುದಿಲ್ಲ ಎಂದು ಎಲ್ಲರೆದುರು ಬರೆದಿದ್ದೀಯ. ಹೀಗೆ ಬರೆಯುವ ವ್ಯಾಪಾರಿಯನ್ನು ನಾನು ಕಂಡಿಲ್ಲ.

ನೀನು ಕಾಗದದಲ್ಲಿ ಬರೆಯದೆ ಬಿಟ್ಟದ್ದೂ ಅಲ್ಲಿತ್ತು. ಒಂದು ಸೀಮಂತದ ಮನೆಯವರು ಬೈದದ್ದು. ಶುಕ್ರವಾರದ ಕಾರ್ಯ ಗುರುವಾರಕ್ಕೆ ಬದಲಾಗಿ, ಅವರು ಫೋನಿನಲ್ಲಿ "ಆರಕ್ಕೆ ಬೇಕು" ಅಂದದ್ದು ಆರನೇ ತಾರೀಖಿಗೆ, ನೀನು ಕೇಳಿಸಿಕೊಂಡದ್ದು ಆರು ಗಂಟೆಗೆ. ಶುಕ್ರವಾರ ಜಡೆ ಹೋಗಿ ಸೇರಿದಾಗ ಸೀಮಂತ ಹಿಂದಿನ ದಿನವೇ ಮುಗಿದಿತ್ತು. ಅವರ ಬೈಗುಳವನ್ನು ನೀನು ಅಳಿಸಿ ಹಾಕಬಹುದಿತ್ತಂತೆ, ಸೆಂಟರಿನವನು ಬರೆದು ಹೇಳಿದ. ಅಳಿಸಿಲ್ಲ. ಕೆಳಗೆ, "ತಪ್ಪು ನನ್ನದೇ. ನಿಮ್ಮ ಮಗಳ ಆ ದಿನವನ್ನು ನಾನು ಮತ್ತೆ ತಂದುಕೊಡಲಾರೆ. ಮಗುವಿನ ನಾಮಕರಣಕ್ಕೆ ಜಡೆ ನಾನೇ ತಂದು ಮುಡಿಸುತ್ತೇನೆ" ಎಂದು ಬರೆದಿದ್ದೀಯ. ಅದರ ಕೆಳಗೆ, ಮಗು ಹುಟ್ಟಿದ ಮೇಲೆ, ಆ ಮನೆಯಾಕೆಯೇ ದಿನಾಂಕ ಬರೆದು ಬನ್ನಿ ಅಂದಿದ್ದಾಳೆ. ಇದನ್ನು ಓದಿ ನನಗೆ ಎಷ್ಟು ಹೆಮ್ಮೆಯಾಯಿತು ಅಂದರೆ, ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದವನಿಗೆ ನನ್ನ ತಂಗಿ ಎಂದು ತೋರಿಸಿದೆ.

ಕೊನೆಗೆ ನಿನ್ನ ಮದುವೆ ಫೋಟೋ. ತೋರುಬೆರಳಿನ ತುದಿ ಪ್ರೆಸ್ಸಿಗೆ ಹೋದಾಗಿನಿಂದ ಆ ಕೈಯನ್ನು ನಾನು ಜೇಬಿನಲ್ಲೇ ಇಟ್ಟುಕೊಳ್ಳುವುದು ನಿನಗೆ ಗೊತ್ತು. ಅಷ್ಟು ಜನ ಆ ಮೊಂಡು ಬೆರಳು ಯಾರದು ಎಂದು ಕೇಳಿದ್ದಾರೆ. ನೀನು, "ಕನ್ನಡಿ ಹಿಡಿದಿರುವವನು ನಮ್ಮಣ್ಣ. ನನ್ನ ಎಲ್ಲಾ ಜಡೆಗೂ ಅವನದೇ ಶೆಡ್ಡು" ಎಂದು ಬರೆದಿದ್ದೀಯ.

ಶೆಡ್ಡು ನಿನ್ನದು. ಯುಗಾದಿ ಗಿಗಾದಿ ಏನೂ ಬೇಡ. ಚಿನ್ನಸ್ವಾಮಿಗೆ ಆಗುವುದಿಲ್ಲ ಎಂದು ಬರೆದು ಹಾಕಿದ್ದೇನೆ. ನನ್ನದು ಆಮೇಲೆ ನೋಡೋಣ.

ಉಮಾಶಂಕರ್


ಹೊಸೂರು
27 ಜನವರಿ 2008

ಅಣ್ಣಾ,

ಟವರು ರೂಮಿನ ಹಿಂದೆಯೇ ಇದೆ ಎಂಬಲ್ಲಿಗೆ ಬಂದಾಗ ಮುಂದೆ ಓದಲು ಆಗಲಿಲ್ಲ. ಮೂರು ವರ್ಷ ಆ ಟವರನ್ನು ನಾನು ಬೈದಿದ್ದೇನೆ. ನೀನು ಆ ರೂಮಿನಲ್ಲಿ ಕೂತು ಸಿಗ್ನಲ್ ಇಲ್ಲ ಎಂದು ಬರೆಯುತ್ತಿದ್ದೆಯಲ್ಲ.

ಅತ್ತು ಮುಗಿಸಿ ಮುನಿವೆಂಕಟಮ್ಮನಿಗೆ ಹೇಳಿದೆ. ಅವಳು ಸೂಜಿಯಿಂದ ಕಣ್ಣೆತ್ತದೆ, "ಕಿವಿ ಹೋದ್ರೆ ಹೋಯ್ತು, ಆ ಫೋನ್ ಎತ್ತೋ ಕಾಟ ತಪ್ತು ಬುಡು. ಬರಾಕ್ ಹೇಳಮ್ಮಿ ಆವಯ್ಯನ್ಗೆ" ಎಂದಳು.

ಶೆಡ್ಡು ಬೇಡ ಎಂದು ನಾನು ಹೇಳುವುದಿಲ್ಲ. ನೀನು ಬರದೆ ಶೆಡ್ಡು ಮಾತ್ರ ಬೇಡ. ನಿನ್ನದು ಆಮೇಲೆ ನೋಡುವ ಮಾತೇ ಇಲ್ಲ, ಈಗಲೇ ನೋಡೋಣ. ಸೀಮಂತದ ಮನೆಯಲ್ಲಿ ಆದದ್ದು ಯಾಕೆ? ನನಗೆ ಎರಡು ಕಿವಿಯೂ ಕೇಳುತ್ತದೆ, ಅದಕ್ಕೇ. ಮಾರ್ಕೆಟ್ಟಿನ ಗಲಾಟೆಯಲ್ಲಿ ಅರ್ಧ ಕೇಳಿ, ಇನ್ನರ್ಧ ನಾನೇ ಊಹಿಸಿಕೊಂಡೆ. ಬರೆದು ಬಂದ ಒಂದು ಆರ್ಡರೂ ಇದುವರೆಗೆ ತಪ್ಪಿಲ್ಲ. ಇನ್ನು ಮೇಲೆ ಬಾಯಿಮಾತಿನ ಆರ್ಡರೇ ಬೇಡ ಎಂದು ತೀರ್ಮಾನಿಸಿದ್ದೇನೆ.

ಹಾಗೆ ಮಾಡಿದರೆ ದಿನವಿಡೀ ಬರೆಯುವವರು ಒಬ್ಬರು ಬೇಕು. ನನ್ನ ಕೈಗೆ ಮೊಗ್ಗಿನ ನೀರು ಅಂಟಿರುತ್ತದೆ, ಜಡೆ ಬಿಟ್ಟು ಎದ್ದರೆ ಜಡೆ ಕೆಡುತ್ತದೆ, ಕೂತರೆ ಸ್ಕ್ರ್ಯಾಪು ಉಳಿಯುತ್ತದೆ. ನೀನು ಅಲ್ಲಿಂದಲೇ ಶುರು ಮಾಡು. ಪಾಸ್‌ವರ್ಡ್ ಅಮ್ಮನ ಹೆಸರು, ಇಂಗ್ಲಿಷಿನಲ್ಲಿ. ನನ್ನ ಹಾಗೆ ಬರೆಯಬೇಡ, ನಿನ್ನ ಹಾಗೆ ಬರಿ, ಕೆಳಗೆ "ಚಂದ್ರಲೇಖಾಳ ಅಣ್ಣ" ಎಂದು ಹಾಕು. ಅಲ್ಲಿ ಯಾರೂ ಮಾತಾಡುವುದಿಲ್ಲ ಅಣ್ಣಾ, ಎಲ್ಲರೂ ಬರೆಯುತ್ತಾರೆ.

ಚಂದ್ರಲೇಖಾ


ಚಾಕಣ
9 ಮಾರ್ಚ್ 2008

ಚಂದ್ರೀ,

ಯಾರ್ಡಿನ ಕೆಲಸ ಮುಗಿಸಿ ದಿನಾ ಸೆಂಟರಿಗೆ ಹೋಗುತ್ತಿದ್ದೇನೆ. ಟೈಪ್ ಮಾಡಲು ಮೊಂಡು ಬೆರಳು ತೊಂದರೆ ಕೊಡುತ್ತಿತ್ತು, ಈಗ ಪಕ್ಕದ ಬೆರಳು ಕಲಿತುಕೊಂಡಿದೆ. ಫೋನ್ ನಂಬರ್ ಕೊಡಿ ಎಂದವರಿಗೆ, "ಫೋನ್ ಬೇಡ. ಹೆಸರು, ಊರು, ತಾರೀಖು, ಗಂಟೆ ನಾಲ್ಕೂ ಬಿಡಿಸಿ ಬರೆಯಿರಿ. ಅರ್ಧಂಬರ್ಧ ಬರೆದರೆ ಜಡೆ ಬರುವುದಿಲ್ಲ" ಎಂದು ಬರೆದೆ. ಜಾಸ್ತಿ ಒರಟಾಯಿತೇನೋ ಎಂದು ಹೆದರಿದ್ದೆ. ಒಬ್ಬರು, ಇಷ್ಟು ಖಚಿತವಾಗಿ ಕೇಳುವವರ ಹತ್ತಿರವೇ ಮಗಳ ಮದುವೆ ಜಡೆ ಕಟ್ಟಿಸುತ್ತೇನೆ ಎಂದರು.

ಮೈಸೂರಿನ ಒಬ್ಬ ಮೇಷ್ಟ್ರು ದಿನಾ ಬರೆಯುತ್ತಾರೆ. ಜಡೆ ಬೇಡ ಅವರಿಗೆ, ಸುಮ್ಮನೆ ಮಾತಿಗೆ. ನಾನೂ ಬರೆಯುತ್ತೇನೆ. ನಾನು ಇಷ್ಟು ಮಾತಾಡಿ ಎಷ್ಟು ವರ್ಷವಾಯಿತೋ. ಅವರಿಗೆ ನನ್ನ ಕಿವಿಯ ವಿಷಯ ಗೊತ್ತಿಲ್ಲ, ಗೊತ್ತಾಗುವ ಅಗತ್ಯವೂ ಬಂದಿಲ್ಲ.

ಬರುವುದಕ್ಕೆ ಮನಸ್ಸಿದೆ, ಧೈರ್ಯ ಸಾಲದು. ಆರ್ಕುಟ್ಟಿನಲ್ಲಿ ಸರಿ. ಶೆಡ್ಡಿಗೆ ಜನ ಬರುತ್ತಾರೆ, ಕೂಗುತ್ತಾರೆ, ನಾನು ತಲೆಯಾಡಿಸಬೇಕು.

ಉಮಾಶಂಕರ್


ಹೊಸೂರು
23 ಮಾರ್ಚ್ 2008

ಅಣ್ಣಾ,

ಶೆಡ್ಡಿನ ಬಾಗಿಲಿಗೆ ಒಂದು ಬೋರ್ಡು ಬರೆಸಿ ಹಾಕಿದ್ದೇನೆ. "ಜಡೆಯ ಆರ್ಡರ್ ಬಾಯಲ್ಲಿ ಹೇಳಬೇಡಿ, ಬರೆದು ಕೊಡಿ." ಕನ್ನಡ, ತಮಿಳು, ತೆಲುಗು ಮೂರರಲ್ಲೂ ಇದೆ. ಕೆಳಗೆ ಸ್ಲೇಟು, ಬಳಪ. ಯಾಕೆ ಎಂದು ಕೇಳಿದವರಿಗೆ ಸೀಮಂತದ ಕಥೆ ಹೇಳುತ್ತೇನೆ, ಒಪ್ಪಿಕೊಳ್ಳುತ್ತಾರೆ. ಬೋರಯ್ಯಣ್ಣ ಕೂಡ ಬರೆದೇ ಹೇಳಿದರು. ಬರೆಯಲು ಬಾರದ ಮುನಿವೆಂಕಟಮ್ಮ ನೀನು ಬಂದರೆ ಹೇಗೆ ಮಾತಾಡುವುದೆಂದು ಈಗಲೇ ಸ್ಲೇಟಿನ ಮೇಲೆ ಮೊಗ್ಗು ಬಿಡಿಸಿ ಅಭ್ಯಾಸ ಮಾಡುತ್ತಿದ್ದಾಳೆ. ಅದು ಮೊಗ್ಗೋ ಬದನೆಕಾಯಿಯೋ ನೀನೇ ಬಂದು ಹೇಳು.

ಬಾಗಿಲ ಪಕ್ಕ ನಿನ್ನ ಕುರ್ಚಿ ಹಾಕಿದ್ದೇನೆ. ಆದಿಲಕ್ಷ್ಮಿ ತನ್ನ ಹಳೇ ಕಂಪ್ಯೂಟರ್ ತಂದುಕೊಟ್ಟಿದ್ದಾಳೆ.

ಚಂದ್ರಲೇಖಾ


ಚಂದ್ರಲೇಖಾಳ ಸ್ಕ್ರ್ಯಾಪ್ ಪುಟ
4 ಏಪ್ರಿಲ್ 2008

ಚಂದ್ರೀ, ಗಿರಾಕಿಗಳಿಗೆಲ್ಲ ಬರೆದೆ, ನಿನಗೆ ಇದೇ ಮೊದಲು. ಕಾಗದ ಹಾಕಿದರೆ ಅದು ನಾನು ಬಂದ ಮೇಲೆ ಬರುತ್ತದೆ. ಇಲ್ಲಿ ಬರೆದರೆ ಎಲ್ಲರೂ ಓದುತ್ತಾರೆ ಎಂದು ಗೊತ್ತು, ಓದಲಿ. ಮೈಸೂರಿನ ಮೇಷ್ಟ್ರೂ ಓದಲಿ.

ಯುಗಾದಿಗೆ ಬರುತ್ತಿದ್ದೇನೆ, ಭಾನುವಾರ ಬೆಳಗ್ಗೆ. ಮುನಿವೆಂಕಟಮ್ಮನಿಗೆ ಹೇಳು, ಕೈ ತೊಳೆದುಕೊಂಡೇ ಒಳಗೆ ಬರುತ್ತೇನೆ. ಶೆಡ್ಡಿನ ಬಾಗಿಲು ಮಾತ್ರ ತೆರೆದಿಟ್ಟಿರು. ಮುಚ್ಚಿದ್ದರೆ ನಾನು ತಟ್ಟುತ್ತೇನೆ, ನೀನು ಒಳಗಿನಿಂದ ಯಾರು ಅನ್ನುತ್ತೀಯ, ನನಗೆ ಕೇಳಿಸುವುದಿಲ್ಲ, ಹೊರಗೇ ನಿಂತಿರುತ್ತೇನೆ.

ಅಣ್ಣ